ಹರಳೆಣ್ಣೆಯ ಕನ್ನಡಕ: ಹಗುರ ಹೌದು, ‘ಪೂರ್ತಿ ಗಿಡದ್ದು’ ಅಲ್ಲ

ಮೈನಸ್ ಏಳು ಪವರ್ ಇರುವವಳಿಗೆ ಫ್ರೇಮ್ ಎಂದರೆ ಮೊದಲು ಭಾರ, ಆಮೇಲೆ ಚೆಂದ. ನನ್ನ ಹಳೆಯದು ದಪ್ಪನೆಯ ಕಪ್ಪು ಅಸಿಟೇಟ್ ಪ್ಲಾಸ್ಟಿಕ್ಕಿನದು. ದಾವಣಗೆರೆಯ ಬೇಸಿಗೆಯ ಬೆವರಿಗೆ ಕಿವಿಯ ಹಿಂದಿನ ಕಡ್ಡಿಗಳು ಬೆಳ್ಳಗೆ ಮಂಕಾಗಿ ಒರಟಾಗಿದ್ದವು. ಈ ಸಲ ಹರಳೆಣ್ಣೆ ಮೂಲದ ಪಾರದರ್ಶಕ ನೈಲಾನ್ ಫ್ರೇಮ್ ತೆಗೆದುಕೊಂಡೆ. ಲೆನ್ಸ್ ಬಿಟ್ಟು 3,800 ರೂಪಾಯಿ.

ಕಾಲೇಜಿನ ಲ್ಯಾಬ್ ತಕ್ಕಡಿಯಲ್ಲಿ ಎರಡನ್ನೂ ಲೆನ್ಸ್ ಇಲ್ಲದೆ ತೂಗಿದೆ. (ಕೆಮಿಸ್ಟ್ರಿ ಪಾಠ ಮಾಡುವವಳಿಗೆ ಇಷ್ಟಾದರೂ ಸವಲತ್ತು ಬೇಡವೇ?) ಹಳೆಯದು 27 ಗ್ರಾಂ, ಹೊಸದು 12. ಅಸಿಟೇಟಿನ ಸಾಂದ್ರತೆ ನೀರಿನ ಸುಮಾರು 1.3 ಪಟ್ಟು, ಈ ಬಗೆಯ ನೈಲಾನಿನದು ಹೆಚ್ಚುಕಡಿಮೆ ನೀರಿನಷ್ಟೇ. ಜೊತೆಗೆ ಗಟ್ಟಿ ಇರುವುದರಿಂದ ತೆಳ್ಳಗೆ ಅಚ್ಚು ಹಾಕಬಹುದು. ಸಂಜೆ ಹೊತ್ತಿಗೆ ಮೂಗಿನ ಮೇಲೆ ಕೆಂಪು ಗುರುತು ಬೀಳುವುದು ನಿಂತಿದೆ. ಕಡ್ಡಿಯನ್ನು ಹೊರಕ್ಕೆ ಎಷ್ಟು ಬಗ್ಗಿಸಿದರೂ ಬಿಟ್ಟ ತಕ್ಷಣ ತನ್ನ ಜಾಗಕ್ಕೆ ಬರುತ್ತದೆ.

ನನಗೆ ನಿಜವಾಗಿ ಕುತೂಹಲ ಹುಟ್ಟಿಸಿದ್ದು ಇದರ ಪಾರದರ್ಶಕತೆ. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಸಾಯನ ವಿಜ್ಞಾನಿ ಕರೋಥರ್ಸ್ ಅವರ ತಂಡ ಮಾಡಿದ ನೈಲಾನ್ 66ರ ಉದ್ದ ಅಣು ಒಂದು ನೇರ ಸರಪಳಿ. ಅದರ ಅಣುಗಳು ಒಂದಕ್ಕೊಂದು ಒತ್ತಾಗಿ ಕೂತು ಸ್ಫಟಿಕವಾಗುತ್ತವೆ, ಬೆಳಕು ಆ ಸ್ಫಟಿಕಗಳಲ್ಲಿ ಚದುರುತ್ತದೆ, ವಸ್ತು ಹಾಲುಬಿಳುಪಾಗಿ ಕಾಣುತ್ತದೆ. ಹರಳೆಣ್ಣೆ ಮೂಲದ ಇಂಥ ಪಾರದರ್ಶಕ ಫ್ರೇಮಿನ ನೈಲಾನಿನ ಕಥೆ ಬೇರೆ. ಸಾಮಾನ್ಯವಾಗಿ ಅದರ ಒಂದು ಪಾಲು ಹರಳೆಣ್ಣೆಯಿಂದ ಬರುವ ಸೆಬಾಸಿಕ್ ಆಮ್ಲ, ಹತ್ತು ಕಾರ್ಬನ್ನಿನ ನೇರ ತುಂಡು. ಇನ್ನೊಂದು ಪಾಲು ಡೈಅಮೀನ್, ಅಂದರೆ ಆಮ್ಲದ ಜೊತೆ ಕೊಂಡಿ ಹಾಕಿಕೊಳ್ಳುವ ಎರಡು ಅಮೀನ್ ಗುಂಪುಗಳಿರುವ ಅಣು; ಇದರಲ್ಲಿ ಕಾರ್ಬನ್ನಿನ ಎರಡು ಉಂಗುರಗಳಿವೆ. ಪ್ರತಿ ಉಂಗುರದ ಪಕ್ಕಕ್ಕೂ ಒಂದೊಂದು ಮೀಥೈಲ್ ಗುಂಪು (ಒಂದೇ ಕಾರ್ಬನ್ನಿನದು) ಪುಟ್ಟ ಕವಲಾಗಿ ಚಾಚಿಕೊಂಡಿರುತ್ತದೆ. ನೀಲಗಿರಿ ಸೌದೆಯನ್ನು ಒತ್ತಾಗಿ ಹೊರೆ ಕಟ್ಟಬಹುದು, ಜಾಲಿ ಮುಳ್ಳನ್ನು ಕಟ್ಟಿ ನೋಡಿ, ಆಗ ಗೊತ್ತಾಗುತ್ತದೆ ಈ ಕವಲುಗಳ ಕೆಲಸ. ಸರಪಳಿಗಳು ಸಾಲಾಗಿ ಕೂರಲಾರವು, ಸ್ಫಟಿಕ ಕಟ್ಟುವುದಿಲ್ಲ, ಬೆಳಕು ಸಲೀಸಾಗಿ ದಾಟುತ್ತದೆ. ಅಂಗಡಿಗಳಲ್ಲಿ ‘ಟಿಆರ್ 90’ ಎಂದು ಬಾಯಿಮಾತಾಗಿರುವ ಫ್ರೇಮುಗಳ ಹಿಂದೆಯೂ ಇದೇ ಉಪಾಯ. ಟಿಆರ್ 90 ಸ್ವಿಟ್ಜರ್ಲೆಂಡಿನ ಇಎಂಎಸ್ ಕಂಪನಿಯ ನೈಲಾನ್. ಈಗ ಆ ಹೆಸರು ಹೇಳಿಕೊಂಡು ಏನೇನೋ ಮಾರುತ್ತಾರೆ, ಅದು ಬೇರೆ ಮಾತು.

ಇನ್ನು ತಕರಾರು. ಅಂಗಡಿಯವರು ‘ಹಂಡ್ರೆಡ್ ಪರ್ಸೆಂಟ್ ಗಿಡದ್ದು ಮೇಡಂ, ಮಣ್ಣಿಗೆ ಹಾಕಿದರೆ ಕರಗುತ್ತೆ’ ಅಂದರು. ಎರಡೂ ಸುಳ್ಳು. ಜೊತೆಗಿದ್ದ ಚೀಟಿಯಲ್ಲೇ ಸಣ್ಣಕ್ಷರದಲ್ಲಿ ಜೈವಿಕ ಮೂಲ 40% ಎಂದಿದೆ. ಲೆಕ್ಕವೂ ಸರಿಹೋಗುತ್ತದೆ: ಆಮ್ಲದ ಹತ್ತು ಕಾರ್ಬನ್ ಹರಳು ಬೀಜದ್ದು, ಡೈಅಮೀನಿನ ಹದಿನೈದು ಪೆಟ್ರೋಲಿಯಂನದು, ಇಪ್ಪತ್ತೈದರಲ್ಲಿ ಹತ್ತು. ಫ್ರೇಮನ್ನು ಗಾಜಿನಂತೆ ಹೊಳೆಯಿಸುವ ಆ ಕವಲುಗಳು ಇರುವುದು ಪೆಟ್ರೋಲಿಯಂ ಪಾಲಿನಲ್ಲೇ! ಮಣ್ಣಲ್ಲಿ ಕರಗುವುದಂತೂ ಇಲ್ಲ. ಹುಟ್ಟಿದ್ದು ಎಣ್ಣೆಬೀಜದಿಂದ ಎಂದ ಮಾತ್ರಕ್ಕೆ ನೈಲಾನ್ ಗೊಬ್ಬರವಾಗುವುದಿಲ್ಲ. ಅಷ್ಟಕ್ಕೂ ನಾನು ಬಿಟ್ಟ ಅಸಿಟೇಟ್ ಕೂಡ ಮರದ ತಿರುಳಿನ, ಹತ್ತಿಯ ಸೆಲ್ಯುಲೋಸಿನಿಂದಲೇ ಆಗುವುದು. ಅದಕ್ಕೆ ಯಾರೂ ಎಲೆಯ ಚಿತ್ರ ಅಂಟಿಸಿ ಮಾರಲಿಲ್ಲ.

ಪೂರ್ತಿ ಗಿಡದ್ದೇ ಬೇಕೆಂದರೆ ನೈಲಾನ್ 11 ಇದೆ, ಅರ್ಕೆಮಾ ಕಂಪನಿಯ ರಿಲ್ಸಾನ್. ಅದರ ಕಾರ್ಬನ್ ಎಲ್ಲವೂ ಹರಳೆಣ್ಣೆಯದೇ. ಆದರೆ ಅದು ನೇರ ಸರಪಳಿ, ದಪ್ಪ ಅಚ್ಚಿನಲ್ಲಿ ಇಷ್ಟು ತಿಳಿಯಾಗಿ ಬರುವುದಿಲ್ಲ. ಕವಲನ್ನೂ ಗಿಡದಿಂದಲೇ ತರುವ ಕೆಲಸವನ್ನು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಮಾಡಿದ್ದಾರೆ. ಪೈನ್ ಮರದ ಟರ್ಪೆಂಟೈನ್ ಎಣ್ಣೆಯಲ್ಲಿ ಸಿಗುವ ಕ್ಯಾರೀನ್ ಎಂಬ ವಸ್ತುವಿನಿಂದ ಎರಡು ಬಗೆಯ ನೈಲಾನ್ ಮಾಡಿ ಕ್ಯಾರಾಮಿಡ್ ಎಂದು ಹೆಸರಿಟ್ಟಿದ್ದಾರೆ, ಅದರಲ್ಲಿ ಒಂದು ಸ್ಫಟಿಕ ಕಟ್ಟದ ಜಾತಿಯದು. ಮರವೇ ಉಂಗುರವನ್ನೂ ಮೀಥೈಲ್ ಕವಲನ್ನೂ ಕೂಡಿಸಿ ಕೊಟ್ಟಿರುತ್ತದೆ. ಅದರ ಫ್ರೇಮ್ ದಾವಣಗೆರೆಗೆ ಬಂದ ದಿನ ನಾನು ಮೊದಲ ಗಿರಾಕಿ.

ಬಳಸುವವರಿಗೆ ಎರಡು ಮಾತು. ಅಸಿಟೇಟನ್ನು ಬಿಸಿಗಾಳಿಗೆ ಹಿಡಿದು ಕಿವಿಗೆ ತಕ್ಕಂತೆ ಬಗ್ಗಿಸಿದಷ್ಟು ಸುಲಭವಾಗಿ ಇದನ್ನು ಬಗ್ಗಿಸಲಾಗದು, ಮೆತ್ತಗಾಗಲು ಬಹಳ ಹೆಚ್ಚು ಕಾವು ಬೇಕು. ನನ್ನ ಎಡಗಿವಿ ಸ್ವಲ್ಪ ಕೆಳಗೆ, ಹಾಗಾಗಿ ಫ್ರೇಮ್ ಇವತ್ತಿಗೂ ಒಂದು ಕೂದಲೆಳೆಯಷ್ಟು ಓರೆಯಾಗಿಯೇ ಕೂರುತ್ತದೆ. ಮೂಗಿಗೂ ಕಿವಿಗೂ ಮೊದಲೇ ಸರಿಹೊಂದುವ ಅಳತೆ ಸಿಕ್ಕರೆ ಮಾತ್ರ ಕೊಳ್ಳಿ. ಇನ್ನೊಂದು, ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಸ್ಫಟಿಕ ಕಟ್ಟದ ನೈಲಾನುಗಳಿಗೆ ಆಲ್ಕೋಹಾಲ್ ಆಗಿಬರುವುದಿಲ್ಲ, ಬಿಗಿತವಿರುವ ಕಡೆ ಸಣ್ಣ ಬಿರುಕು ಬಿಡಬಹುದು. ಸೋಪುನೀರು, ಹತ್ತಿ ಬಟ್ಟೆ ಸಾಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಫ್ರೇಮಿನದ್ದಲ್ಲ, ಮಾರಿದವರ ಮಾತಿನದ್ದು.