ಎಚ್-ಇಂಡೆಕ್ಸ್ ಏಳೋ, ನಾಲ್ಕೋ?

ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ವರ್ಷಕ್ಕೊಮ್ಮೆ ಒಂದು ಫಾರಂ ತುಂಬಬೇಕು. ಒಟ್ಟು ಸೈಟೇಶನ್ (ನಮ್ಮ ಪೇಪರ್‌ಗಳಿಗೆ ಸಿಕ್ಕ ಉಲ್ಲೇಖ) ಎಷ್ಟು, ಎಚ್-ಇಂಡೆಕ್ಸ್ ಎಷ್ಟು ಅಂತ ಎರಡು ಕಾಲಂ. ಈ ಸಲ ಜಡಿಮಳೆ ಹಿಡಿದ ಒಂದು ಸಂಜೆ ಗೂಗಲ್ ಸ್ಕಾಲರ್, ಸ್ಕೋಪಸ್, ಸೆಮ್ಯಾಂಟಿಕ್ ಸ್ಕಾಲರ್, ಡಿಬಿಎಲ್‌ಪಿ ಎಂಬ, ಸಂಶೋಧನಾ ಪೇಪರ್ ಹುಡುಕುವ ನಾಲ್ಕು ತಾಣಗಳಲ್ಲೂ ನನ್ನನ್ನೇ ಹುಡುಕುತ್ತಾ ಕೂತೆ.

ಗೂಗಲ್ ಸ್ಕಾಲರ್‌ನಲ್ಲಿ ನಾನು ದೊಡ್ಡ ಮನುಷ್ಯ. 214 ಸೈಟೇಶನ್, ಎಚ್-ಇಂಡೆಕ್ಸ್ 7. ಅಂದರೆ ನನ್ನ ಏಳು ಪೇಪರ್‌ಗಳನ್ನು ಒಂದೊಂದನ್ನೂ ಕಡಿಮೆಯೆಂದರೆ ಏಳು ಕಡೆ ಉಲ್ಲೇಖಿಸಿದ್ದಾರೆ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಹಾಕಿಕೊಟ್ಟ ಲೆಕ್ಕ ಇದು. ಸ್ಕೋಪಸ್‌ಗೆ ಹೋದರೆ ಅದೇ ಮನುಷ್ಯನಿಗೆ 88 ಸೈಟೇಶನ್, ಎಚ್-ಇಂಡೆಕ್ಸ್ 4. ಅದೂ ಮೊದಲು ಅಲ್ಲಿ ನಾನು ಇಬ್ಬರಾಗಿದ್ದೆ. ತಪ್ಪು ನನ್ನದೇ. ಒಂದು ಪೇಪರ್‌ನಲ್ಲಿ ಊರು ಮತ್ತು ಅಪ್ಪನ ಹೆಸರಿನ ಇನಿಶಿಯಲ್ ಎರಡೂ ಹಾಕಿದ್ದೆ, ಇನ್ನೊಂದರಲ್ಲಿ ಒಂದೇ. ಎರಡೂ ಪ್ರೊಫೈಲ್ ಸೇರಿಸಿ ಅಂತ ಕೋರಿಕೆ ಕಳಿಸಿ, ಸಂಶೋಧಕರಿಗೆ ಒಬ್ಬೊಬ್ಬರಿಗೂ ಬೇರೆಯಾಗಿ ಕೊಡುವ 16 ಅಂಕಿಯ ಆರ್ಕಿಡ್ (ORCID) ನಂಬರನ್ನೂ ಮಾಡಿಸಿಕೊಂಡೆ. ಪಿಎಚ್‌ಡಿ ಶುರುಮಾಡುವವರು ಮೊದಲ ದಿನವೇ ಮಾಡಿಸಿಕೊಳ್ಳಿ.

ಇಷ್ಟು ವ್ಯತ್ಯಾಸ ಯಾಕೆ? ಫೋಟೋ ನೋಡಿ ಅಡಿಕೆಯನ್ನು ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ವಿಂಗಡಿಸುವ ಪೇಪರ್ ಒಂದಿದೆ. ನನ್ನದರಲ್ಲಿ ಜಾಸ್ತಿ ಓಡಿದ್ದು ಅದೇ. ಸ್ಕಾಲರ್‌ನಲ್ಲಿ ಅದನ್ನು ಉಲ್ಲೇಖಿಸಿದವರ ಪಟ್ಟಿಯನ್ನು ಒಂದೊಂದಾಗಿ ತೆರೆದೆ. ಎಂಟೆಕ್ ಪ್ರಬಂಧ, ಇನ್ನೂ ಅಚ್ಚಾಗದ ಪ್ರೀಪ್ರಿಂಟ್, ಹೆಸರೇ ಕೇಳಿರದ ಜರ್ನಲ್ ಎಲ್ಲ ಇದ್ದವು. ಸ್ಕಾಲರ್ ಅಂಗಳದಲ್ಲಿ ಬಿದ್ದದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬುತ್ತದೆ. ಸ್ಕೋಪಸ್ ತಾನು ಒಪ್ಪಿಕೊಂಡ ಜರ್ನಲ್, ಸಮ್ಮೇಳನಗಳನ್ನಷ್ಟೇ ತೂಗುತ್ತದೆ. ಕಾಲೇಜಿನ ಚಂದಾ ಇದ್ದರೆ ನಮ್ಮನ್ನು ನಾವೇ ಉಲ್ಲೇಖಿಸಿಕೊಂಡಿದ್ದನ್ನು ಕಳೆದೂ ನೋಡಬಹುದು. ನಾನು ಕಳೆದು ನೋಡಿದೆ. ಆ ಅಂಕಿ ಇಲ್ಲಿ ಬೇಡ ಬಿಡಿ.

ಹಾಗಂತ ಸ್ಕಾಲರ್ ಬರೀ ಜೊಳ್ಳಲ್ಲ. ನನ್ನ ಅಡಿಕೆ ಫೋಟೋಗಳನ್ನೇ ಇಟ್ಟುಕೊಂಡು ಪೂರ್ತಿ ಕೆಲಸ ಮಾಡಿದ ಒಂದು ಎಂಟೆಕ್ ಪ್ರಬಂಧ ಸಿಕ್ಕಿದ್ದು ಅಲ್ಲೇ. ನಿಜವಾಗಿ ಉಪಯೋಗಕ್ಕೆ ಬಂದದ್ದು ಅಂದರೆ ಅದೇ ಅಲ್ವಾ? ಸ್ಕೋಪಸ್ ಲೆಕ್ಕದಲ್ಲಿ ಅದಿಲ್ಲ.

ಸೆಮ್ಯಾಂಟಿಕ್ ಸ್ಕಾಲರ್ 2015ರಲ್ಲಿ ಬಂದದ್ದು. ಸುಮ್ನೆ ಹೆಸರು ಹೇಳಿ ಮುಂದೆ ಹೋದ ಸೈಟೇಶನ್ ಯಾವುದು, ಕೆಲಸದ ಮೇಲೆ ಗಟ್ಟಿ ಪ್ರಭಾವ ಬೀರಿದ್ದು ಯಾವುದು ಅಂತ ಯಂತ್ರದಿಂದಲೇ ಬೇರೆಮಾಡುತ್ತದೆ. ನನಗೆ ಗಟ್ಟಿಯವು 9. ಅಹಂಕಾರ ಇಳಿಸಲು ಒಳ್ಳೆಯ ಔಷಧಿ.

ನನಗೆ ಹಿಡಿಸಿದ್ದು ಮಾತ್ರ ಡಿಬಿಎಲ್‌ಪಿ. 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಕಂಪ್ಯೂಟರ್ ಸೈನ್ಸ್‌ಗೇ ಮೀಸಲು. ಎಚ್-ಇಂಡೆಕ್ಸ್ ಗೊಡವೆಯೇ ಇಲ್ಲ. ಒಂದೇ ಹೆಸರಿನವರು ಹಲವರಿದ್ದರೆ ಹೆಸರಿನ ಕೊನೆಗೆ 0001, 0002 ಅಂತ ಅಂಕಿ ಹಾಕುತ್ತಾರೆ. ಮಂಜುನಾಥರು ಓಣಿಗೊಬ್ಬರಿರುವ ನಮ್ಮ ಕಡೆಗೆ ಇದಕ್ಕಿಂತ ಬೇಕಾದದ್ದು ಇಲ್ಲ. ಯಾರ ಜೊತೆ ಎಷ್ಟು ಪೇಪರ್ ಅನ್ನೋದು ಅಲ್ಲೇ ಕಾಣುತ್ತದೆ. ನನ್ನ 19ರಲ್ಲಿ ಅಲ್ಲಿರುವುದು 8. ಎಂಟರಲ್ಲೂ ನನ್ನ ಗೈಡ್ ಹೆಸರಿದೆ. ಪಿಎಚ್‌ಡಿ ಮುಗಿದು ಆರು ವರ್ಷವಾಯಿತು! 214 ನೋಡಿ ಹಿಗ್ಗಿದವನು ಇದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಾದೆ.

ಡಿಬಿಎಲ್‌ಪಿಗೂ ಕಾಣದ್ದಿದೆ. ತೀರ್ಥಹಳ್ಳಿ ಕಡೆಯ ತೋಟಗಳಲ್ಲಿ ಮೂರು ದಿನ ನಮ್ಮ ಜೊತೆ ಜಿಗಣೆ ಕಚ್ಚಿಸಿಕೊಂಡು ಓಡಾಡಿ, ಎಲೆಚುಕ್ಕಿ ಯಾವುದು, ಬರೀ ಬಿಸಿಲಿಗೆ ಸುಟ್ಟದ್ದು ಯಾವುದು ಅಂತ ತೋರಿಸಿದವರು ಒಬ್ಬ ಸಸ್ಯರೋಗ ತಜ್ಞರು. ಎಲೆಚುಕ್ಕಿ ರೋಗದ ಆ ಪೇಪರ್ ಬಂದದ್ದು ಕೃಷಿ ಜರ್ನಲ್‌ನಲ್ಲಿ. ಹಾಗಾಗಿ ಡಿಬಿಎಲ್‌ಪಿ ಪಟ್ಟಿಯಲ್ಲಿ ಅವರಿಲ್ಲ, ಸ್ಕೋಪಸ್‌ನಲ್ಲಿದ್ದಾರೆ.

ಕೊನೆಗೆ ಫಾರಂಗೆ ಸ್ಕೋಪಸ್ ಅಂಕಿಯನ್ನೇ ಹಾಕಿದೆ. ಯಾರು ಕೇಳಿದರೂ ತೋರಿಸಬಹುದಾದ ಲೆಕ್ಕ ಅದು. ಎಲ್ಲಿಂದ ತೆಗೆದ ಅಂಕಿ ಅಂತ ಬರೆಯಲು ಫಾರಂನಲ್ಲಿ ಜಾಗವೇ ಇಲ್ಲ. 4ರ ಪಕ್ಕ ಪೆನ್ಸಿಲ್‌ನಲ್ಲಿ ‘ಸ್ಕೋಪಸ್’ ಅಂತ ಬರೆಯುತ್ತಿದ್ದೆ. ಪಕ್ಕದ ಟೇಬಲ್‌ನವರು ಇಣುಕಿ ನೋಡಿ, “ಏಳೇ ಹಾಕಿ ಸಾರ್, ಯಾರು ಕೇಳ್ತಾರೆ? ನಾನು ಹನ್ನೊಂದು ಹಾಕಿದೀನಿ” ಅಂದರು.