ರಾತ್ರಿಯನ್ನು ಹಗಲು ಮಾಡಿಕೊಡ್ತೇವೆ ಅಂದ ಅಂಗಡಿಗೆ ಎರಡು ಸ್ಟಾರ್

ಐದಕ್ಕೆ ಎರಡು ಸ್ಟಾರ್. ಒಂದು ಸೀಟ್ ಕವರ್‌ಗೆ, ಅದು ನಿಜವಾಗಿಯೂ ಚೆನ್ನಾಗಿದೆ. ಇನ್ನೊಂದು ಅಂಗಡಿಯ ಹುಡುಗ ತಂದುಕೊಟ್ಟ ಕಾಫಿಗೆ. ಉಳಿದ ಮೂರು ಎಲ್ಲಿ ಹೋದವು ಅನ್ನೋದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು. ಹೆಸರು ಮಾತ್ರ ಬರೆಯುವುದಿಲ್ಲ. ಹೆದ್ದಾರಿ ಬದಿಯಲ್ಲಿ ಇಂಥ ಗಾಡಿ ಆಕ್ಸೆಸರಿ ಅಂಗಡಿಗಳು ಈಗ ಬೇಕಾದಷ್ಟಿವೆ. ಎಲ್ಲ ಕಡೆ ಮಾಲೂ ಒಂದೇ, ಮಾತೂ ಒಂದೇ.

ನಾನು 29 ವರ್ಷ ಬಸ್ ಓಡಿಸಿದವನು, ಹೆಚ್ಚಿನದೆಲ್ಲ ಮಡಿಕೇರಿ–ಮಂಗಳೂರು ರೂಟ್. ಸಂಪಾಜೆ ಘಾಟಿಯ ತಿರುವುಗಳನ್ನು ಕಣ್ಣುಮುಚ್ಚಿ ಹೇಳಬಲ್ಲೆ, ಕಣ್ಣುಮುಚ್ಚಿ ಓಡಿಸಲಾರೆ. ರಿಟೈರ್ ಆದಮೇಲೆ ಸುಮ್ಮನೆ ಕೂರಲಾಗದೆ ಹಳದಿ ಬೋರ್ಡಿನ 2015ರ ಬೊಲೆರೊ ತಗೊಂಡೆ. ಮದೆನಾಡು, ಕಾಟಕೇರಿ ಕಡೆಯ ಹೋಂಸ್ಟೇಗಳಿಗೆ ಬರುವವರನ್ನು ತಲಕಾವೇರಿಗೆ, ದುಬಾರೆಗೆ ಕರ್ಕೊಂಡು ಹೋಗ್ತೇನೆ. ಮಂಗಳೂರು ಏರ್‌ಪೋರ್ಟ್ ಟ್ರಿಪ್ ಬಂದರೆ ವಾಪಸ್ ಬರುವಾಗ ರಾತ್ರಿ ಆಗಿಯೇ ಆಗುತ್ತದೆ. ವಯಸ್ಸು ಅರವತ್ತು ದಾಟಿದ ಮೇಲೆ ಹಳೇ ಬಲ್ಬಿನ ಬೆಳಕು ಸಾಲದು ಅನಿಸತೊಡಗಿತ್ತು. ನನ್ನ ಅಕ್ಕನ ಮಗನ ಹತ್ತಿರ ಥಾರ್ ಇದೆ. ಅದರ ನೆತ್ತಿಯ ಮೇಲೆ ಇರುವ ಲೈಟುಗಳನ್ನು ಎಣಿಸಲು ಎರಡು ಕೈ ಬೇಕು. ‘ಮಾವ, ನೀವಿನ್ನೂ ಆ ಮೊಂಬತ್ತಿ ಇಟ್ಕೊಂಡು ಓಡಿಸ್ತಿದ್ದೀರಲ್ಲ’ ಅಂತ ಅವನೇ ಅಂಗಡಿಗೆ ಕರ್ಕೊಂಡು ಹೋದ.

ಬಿಲ್ ಹೀಗಿತ್ತು. ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ಜೋಡಿ 3,200. ಬಂಪರ್ ಮೇಲೆ ಕೂರುವ ಲೈಟ್ ಬಾರ್ 4,000. ಮುಂದೆ ಕಟ್ಟುವ ಕಬ್ಬಿಣದ ಕಂಬಿ, ಅಂದರೆ ಬುಲ್‌ಬಾರ್ 7,500. ಸೀಟ್ ಕವರ್ 5,500. ಫಿಟ್ಟಿಂಗ್ ಚಾರ್ಜ್ 800. ಬಿಲ್ ಅಂದೆನಲ್ಲ, ಅದು ಒಂದು ಚೀಟಿ. ಜಿಎಸ್‌ಟಿ ಬಿಲ್ ಕೇಳಿದರೆ ಹುಡುಗ ನನ್ನ ಮುಖವನ್ನೇ ನೋಡಿದ.

ಆಗ ಒಂದು ಮಾತು ಕೇಳಿದ್ದೆ. ‘ವರ್ಷಕ್ಕೊಮ್ಮೆ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋಗಬೇಕು, ಇದನ್ನೆಲ್ಲ ಒಪ್ಪುತ್ತಾರಾ?’ ಓನರ್ ನಕ್ಕರು. ‘ಅಂಕಲ್, ಹಿಂದಿನ ದಿನ ಬನ್ನಿ, ಬಿಚ್ಚಿ ಕೊಡ್ತೇವೆ. ಎಫ್‌ಸಿ ಆದ ಸಂಜೆ ಮತ್ತೆ ಹಾಕ್ತೇವೆ. ಮುನ್ನೂರು ರೂಪಾಯಿ ಕೊಡಿ ಸಾಕು.’ ಅಲ್ಲೇ ಗಾಡಿ ತಿರುಗಿಸಬೇಕಿತ್ತು. ತಿರುಗಿಸಲಿಲ್ಲ. ಬೋನಿ ಮಾಡದೆ ಹೊರಟರೆ ಅಂಗಡಿಯವರಿಗೆ ಬೇಜಾರಾಗುತ್ತದೆ ಅನ್ನುವ ಹಳೇ ಕಾಲದ ಸಂಕೋಚ ನಮಗೆ.

ಮೊದಲ ನಾಲ್ಕು ದಿನ ಸಂಭ್ರಮವೇ. ತೋಟದ ದಾರಿಯಲ್ಲಿ ಲೈಟ್ ಬಾರ್ ಹಾಕಿದರೆ ಸಿಲ್ವರ್ ಓಕಿನ ತುದಿಯವರೆಗೂ ಬೆಳಕು. ಬೇಲಿ ಪಕ್ಕದ ಮೊಲದ ಮೀಸೆ ಎಣಿಸಬಹುದಿತ್ತು. ಆಮೇಲೆ ಕಕ್ಕಡದ (ಆಟಿ ತಿಂಗಳ) ಮಳೆ ಹಿಡಿಯಿತು.

ಏರ್‌ಪೋರ್ಟಿಗೆ ಒಂದು ಕುಟುಂಬವನ್ನು ಬಿಟ್ಟು ವಾಪಸ್ ಬರ್ತಿದ್ದೆ, ರಾತ್ರಿ ಹತ್ತೂವರೆ ಇರಬೇಕು. ಕೊಯನಾಡು ದಾಟುವವರೆಗೆ ಬರೀ ಮಳೆ. ಜೋಡುಪಾಲ ಬಂತು. 2018ರ ಆಗಸ್ಟಿನಲ್ಲಿ ಅಲ್ಲಿ ಗುಡ್ಡ ಇಳಿದದ್ದನ್ನು ಕಂಡವರು ಮಳೆಗಾಲದಲ್ಲಿ ಆ ಜಾಗದಲ್ಲಿ ಮಾತು ನಿಲ್ಲಿಸುತ್ತಾರೆ. ನಾನೂ ರೇಡಿಯೊ ಆಫ್ ಮಾಡಿದೆ. ಮದೆನಾಡು ಕಳೆದ ಮೇಲೆ ಮಂಜು ಶುರು. ನಮ್ಮ ಮಂಜು ಗೊತ್ತಲ್ಲ, ಬರುವುದಲ್ಲ ಅದು, ಕೂರುವುದು. ನಾನು ಹೊಸ ಸ್ವಿಚ್ ಒತ್ತಿದೆ.

ಎದುರಿಗೆ ಬಿಳಿ ಪಂಚೆ ಹಿಡಿದ ಹಾಗಾಯಿತು. ರಸ್ತೆ ಇಲ್ಲ, ಬಿಳಿ ಗೆರೆ ಇಲ್ಲ, ನನ್ನ ಬಾನೆಟ್ಟೇ ಅರ್ಧ ಇಲ್ಲ. ಮಂಜಿನಲ್ಲಿರುವುದು ನೀರಿನ ಹನಿ. ಎಷ್ಟು ಜೋರು ಬೆಳಕು ಬಿಟ್ಟರೆ ಅಷ್ಟು ಹೆಚ್ಚು ತಿರುಗಿ ನಮ್ಮ ಕಣ್ಣಿಗೇ ಬರುತ್ತದೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಮೂರು ದಶಕ ಇದೇ ರಸ್ತೆಯಲ್ಲಿ ಮಂಜು ಬಂದಾಗ ಡಿಪ್‌ಗೆ ಇಳಿಸಿ, ಎಡಗಡೆಯ ಅಂಚು ನೋಡಿಕೊಂಡು ಸೆಕೆಂಡ್ ಗೇರಿನಲ್ಲಿ ಹೋದವನೇ ನಾನು. ಆದರೆ ದುಡ್ಡು ಕೊಟ್ಟು ಹಾಕಿಸಿದ ಸ್ವಿಚ್ ಕೈಯಳತೆಯಲ್ಲಿದ್ದರೆ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ.

ತಾಳತ್ತಮನೆ ಹತ್ತಿರ ತಿರುವಿನಲ್ಲಿ ಮೇಲಿನಿಂದ ಬಸ್ಸು ಬಂತು. ಡಿಪ್ಪರ್ ಹೊಡೆದ, ಮತ್ತೆ ಹೊಡೆದ. ನಾನು ಗಾಬರಿಯಲ್ಲಿ ಬಾರ್ ಸ್ವಿಚ್ ಹುಡುಕುತ್ತಿದ್ದೆ, ಅದು ಸ್ಟೀರಿಂಗ್ ಕೆಳಗೆ ಮೂಲೆಯಲ್ಲಿತ್ತು. ಬಸ್ಸಿನ ಎಡಚಕ್ರ ಚರಂಡಿಯ ಅಂಚಿಗೆ ಹೋಗಿ ನಿಂತಿತು. ನಲವತ್ತು ಜನ ಇದ್ದಿರಬಹುದು ಒಳಗೆ. ಡ್ರೈವರ್ ಕಿಟಕಿ ಸರಿಸಿ ತಲೆ ಹೊರಗೆ ಹಾಕಿದ. ‘ಮದುವೆ ಮನೆ ಲೈಟ್ ಕಟ್ಕೊಂಡು ಎಲ್ಲಿಗೆ ಮಾರಾಯ? ಎದುರಿಗಿರುವವನಿಗೆ ಕಣ್ಣು ಬೇಡವಾ?’

ಇದೇ ಬೈಗುಳವನ್ನು ಇದೇ ರಸ್ತೆಯಲ್ಲಿ ಎಷ್ಟು ಜನರಿಗೆ ಬೈದಿದ್ದೇನೋ ಲೆಕ್ಕವಿಲ್ಲ. ಮಂಕಿ ಕ್ಯಾಪ್ ಕೆಳಗೆ ಎಳೆದುಕೊಂಡು ಲೈಟ್ ಆರಿಸಿದೆ. ಹುಡುಗ ಹೊಸಬ, ನನ್ನ ಗುರುತಿಲ್ಲ. ಗುರುತಿದ್ದಿದ್ದರೆ ಡಿಪೋದಲ್ಲಿ ಒಂದು ವಾರದ ಸುದ್ದಿಯಾಗುತ್ತಿತ್ತು.

ಬಾರ್ ಅಂತೂ ಆರಿಸಿದೆ. ಆದರೆ ಹೆಡ್‌ಲೈಟ್ ಡಿಪ್‌ನಲ್ಲಿದ್ದರೂ ಎದುರಿನವರು ಡಿಪ್ಪರ್ ಹೊಡೆಯುವುದು ನಿಲ್ಲಲಿಲ್ಲ. ಕಾರಣ ತಿಳಿದದ್ದು ಆಮೇಲೆ, ಮಡಿಕೇರಿಯ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಹತ್ತಿರ. ಬೊಲೆರೊದಲ್ಲಿ ಕಂಪನಿಯಿಂದ ಬರುವುದು ಎಚ್4 ಹ್ಯಾಲೊಜನ್ ಬಲ್ಬ್, 60/55 ವಾಟ್. ಅವರು ಹಳೇ ಬಲ್ಬ್ ಒಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ಎರಡು ತಂತಿ. ಡಿಪ್ ತಂತಿಯ ಕೆಳಗೆ ಉಗುರಿನಷ್ಟು ಪುಟ್ಟ ಲೋಹದ ದೊನ್ನೆ. ಆ ದೊನ್ನೆ ಇರುವುದರಿಂದ ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿದ್ದು, ಅಲ್ಲಿಂದ ರಸ್ತೆಗೆ ಇಳಿಯುತ್ತದೆ. ರಿಫ್ಲೆಕ್ಟರಿನ ಒಂದೊಂದು ಗೆರೆಯೂ ಆ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಅದೇ ಗೂಡಿಗೆ ಎಲ್‌ಇಡಿ ತುರುಕಿದರೆ ಬೆಳಕು ಹುಟ್ಟುವ ಜಾಗವೇ ಬೇರೆ. ರಸ್ತೆಗೆ ಬೀಳಬೇಕಾದದ್ದು ಮರಕ್ಕೆ, ಎದುರಿನವನ ಮುಖಕ್ಕೆ. ಕಂಪನಿಯಿಂದಲೇ ಎಲ್‌ಇಡಿ ಬರುವ ಗಾಡಿಗಳ ಕಥೆ ಬೇರೆ, ಅವುಗಳ ಹೆಡ್‌ಲೈಟನ್ನೇ ಅದಕ್ಕಾಗಿ ಮಾಡಿರುತ್ತಾರೆ.

ಇನ್ನೊಂದು ಅನಾಹುತ ಒಳಗೇ ನಡೆದಿತ್ತು. ಎಲ್‌ಇಡಿ ಬಲ್ಬಿನ ಹಿಂದೆ ಒಂದು ಸಣ್ಣ ಫ್ಯಾನ್ ಇರುತ್ತದೆ, ಬಿಸಿ ಹೊರಹಾಕಲು. ಅದಕ್ಕೆ ಜಾಗ ಸಾಲದೆ ಅಂಗಡಿಯ ಹುಡುಗ ಹೆಡ್‌ಲೈಟಿನ ಹಿಂದಿನ ರಬ್ಬರ್ ಕ್ಯಾಪನ್ನು ಬ್ಲೇಡಿನಲ್ಲಿ ಕೊಯ್ದುಬಿಟ್ಟಿದ್ದ. ನಮ್ಮ ಮಳೆಗೆ ಅಷ್ಟು ಬಾಗಿಲು ಸಾಕು. ಮೂರೇ ವಾರದಲ್ಲಿ ಗಾಜಿನ ಒಳಗೆ ಹನಿ, ರಿಫ್ಲೆಕ್ಟರಿನ ಬೆಳ್ಳಿ ಬಣ್ಣದ ಮೇಲೆ ಬೂದಿಯಂಥ ಮಚ್ಚೆ. ಲೈಟ್ ಬಾರಿನ ವೈರಿಗೆ ರಿಲೇ ಇಲ್ಲ, ಫ್ಯೂಸ್ ಇಲ್ಲ. ಡಬ್ಬಿಯ ಮೇಲೆ 120 ವಾಟ್ ಎಂದು ಬರೆದಿತ್ತು. 12 ವೋಲ್ಟಿಗೆ ಅದು ಹತ್ತು ಆಂಪಿಯರ್. ಎಳೆದದ್ದು ಮೊಬೈಲ್ ಚಾರ್ಜರಿನಂಥ ವೈರ್. ಇನ್ಸುಲೇಷನ್ ಕರಗಿ ಅಂಟಾಗಿತ್ತು. ಆ ಎಲೆಕ್ಟ್ರಿಷಿಯನ್ ಅದನ್ನು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿ ನನ್ನ ಕೈಗಿಟ್ಟರು, ಏನೂ ಹೇಳಲಿಲ್ಲ.

ಈ ನಡುವೆ ಕುಶಾಲನಗರ ಕಡೆಯಿಂದ ಬರುವಾಗ ಪೊಲೀಸರು ನಿಲ್ಲಿಸಿ 500 ರೂಪಾಯಿ ದಂಡ ಹಾಕಿದರು. ಕಣ್ಣು ಕುಕ್ಕುವ ಎಲ್‌ಇಡಿ ಹಾಕಿದವರ ಮೇಲೆ ಕೇಸು ಹಾಕುತ್ತೇವೆ ಅಂತ ರಾಜ್ಯದ ಪೊಲೀಸರು 2024ರ ಜುಲೈಯಿಂದ ಶುರು ಮಾಡಿದ್ದು ನನಗೂ ಗೊತ್ತಿತ್ತು. ಕಟ್ಟಿದೆ, ಜಗಳ ಆಡಲಿಲ್ಲ. ನಿಜ ಹೇಳಬೇಕೆಂದರೆ ಅವರು ಸಸ್ತಾದಲ್ಲಿ ಬಿಟ್ಟರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕೆ ತಾಳೆಯಾಗದಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಖಡಕ್ಕಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ನಿಯಮ ಮೀರಿದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು ಅಂತ ಇದೆ, ಎರಡೂ ಆಗಬಹುದು. ನನ್ನ ಗಾಡಿಯಲ್ಲಿ ಎಣಿಸಿದ್ದರೆ ಸೀಟ್ ಕವರ್ ಬಿಟ್ಟು ಎಲ್ಲವೂ ಲೆಕ್ಕಕ್ಕೆ ಬರುತ್ತಿತ್ತು.

ಬುಲ್‌ಬಾರ್ ವಿಷಯ. ‘ಕಾಡುಹಂದಿ ಅಡ್ಡ ಬಂದರೆ?’ ಅಂದಿದ್ದರು ಓನರ್. ‘ಆನೆಕಾಡಲ್ಲಿ ಆನೆ?’ ಆನೆಗೆ ಬುಲ್‌ಬಾರ್ ಅಂದರೆ ಹಲ್ಲುಕಡ್ಡಿ ಸ್ವಾಮಿ. ಅಲ್ಲಿ ಬೇಕಾದದ್ದು ಕಬ್ಬಿಣ ಅಲ್ಲ. ದೂರದಲ್ಲೇ ನಿಲ್ಲಿಸಿ, ಲೈಟ್ ಇಳಿಸಿ, ಹಾರ್ನ್ ಮುಟ್ಟದೆ ಕಾಯುವ ತಾಳ್ಮೆ. ಈ ಕಂಬಿಗಳನ್ನು ತೆಗೆಸಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಸೆನ್ಸರಿಗೆ ಪೆಟ್ಟು ಸರಿಯಾಗಿ ಮುಟ್ಟದೆ ಬ್ಯಾಗ್ ಬಿಚ್ಚಿಕೊಳ್ಳದೇ ಹೋಗಬಹುದು. ನನ್ನ ಹಳೇ ಬೊಲೆರೊದಲ್ಲಿ ಏರ್‌ಬ್ಯಾಗೇ ಇಲ್ಲ, ಹಾಗಂತ ನಡೆದು ಹೋಗುವವರಿಗೆ ಮೂಳೆ ಇಲ್ಲವೇ? ಬಾನೆಟ್ಟಿಗೆ ತಗುಲಿದವನು ಬದುಕಿಕೊಂಡಾನು, ಕಬ್ಬಿಣದ ಪೈಪಿಗೆ ತಗುಲಿದವನ ಕಥೆ ಬೇರೆ.

ಹಾಗಾದರೆ ಎಲ್ಲ ಮಾಡಿಫಿಕೇಶನ್ ಬ್ಯಾನ್ ಮಾಡಬೇಕಾ? ನಮ್ಮ ಹೋಂಸ್ಟೇ ಜಗುಲಿಯಲ್ಲಿ ಇದರ ಮೇಲೆ ಸಂಜೆಯೆಲ್ಲ ವಾದ ಆಗಿದೆ. ಬೆಂಗಳೂರಿನಿಂದ ಬಂದ ಗೆಸ್ಟ್ ಒಬ್ಬರು ಎಲ್ಲವನ್ನೂ ಕ್ರಷರಿಗೆ ಹಾಕಿ ಅಂದರು. ನಾನು ಒಪ್ಪಲಿಲ್ಲ. ಮಾಂದಲಪಟ್ಟಿಗೆ ಜೀಪ್ ಹತ್ತಿಸುವವರ ಟೈರು ನೋಡಿ ‘ಶೋಕಿ’ ಅನ್ನುವವರು ಒಮ್ಮೆ ಆ ಕೆಸರಿನಲ್ಲಿ ಸಾದಾ ಟೈರಿನಲ್ಲಿ ಹತ್ತಿ ತೋರಿಸಲಿ. ಗಾಡಿ ತುಂಬ ಸ್ಟಿಕ್ಕರ್, ಡ್ಯಾಶ್‌ಬೋರ್ಡಿನಲ್ಲಿ ಇಗ್ಗುತಪ್ಪನ ಫೋಟೋ, ಹಿಂದೆ ಪೀಚೆಕತ್ತಿಯ ಚಿತ್ರ, ಇರಲಿ ಬಿಡಿ, ಯಾರ ಕಣ್ಣೂ ಹೋಗುವುದಿಲ್ಲ. ಸೈಲೆನ್ಸರ್ ಕೊಯ್ದು ರಾಜಾಸೀಟ್ ರಸ್ತೆಯಲ್ಲಿ ಪಟಪಟ ಅನ್ನಿಸುವವರ ಬಗ್ಗೆ ನನಗೆ ಅಷ್ಟು ಉದಾರತೆ ಇಲ್ಲ. ಲೈಟಿನ ಬಗ್ಗೆ ಅಂತೂ ಸ್ವಲ್ಪವೂ ಇಲ್ಲ. ನನ್ನ ಗಾಡಿಯೊಳಗೆ ನಾನೇನು ಬೇಕಾದರೂ ಮಾಡಿಕೊಳ್ಳಬಹುದು, ಆದರೆ ಬೆಳಕು ನನ್ನ ಗಾಡಿಯೊಳಗೆ ಇರುವುದಿಲ್ಲವಲ್ಲ. ಅದು ಹೋಗಿ ಬೀಳುವುದು ನಲವತ್ತು ಜನರನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತಿರುವ ಹುಡುಗನ ಕಣ್ಣಿಗೆ.

ನನ್ನ ತಕರಾರು ಇರುವುದು ಬ್ಯಾನ್ ಎಲ್ಲಿ ಶುರುವಾಗಬೇಕು ಅನ್ನುವುದರಲ್ಲಿ. ಲೈಟ್ ಬಾರಿನ ಡಬ್ಬಿಯನ್ನು ಮನೆಗೆ ತಂದು ಕನ್ನಡಕ ಹಾಕಿ ನೋಡಿದೆ. ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ ‘ಆಫ್ ರೋಡ್ ಬಳಕೆಗೆ ಮಾತ್ರ’ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಅಂದರೆ ಮಾಡಿದವನಿಗೆ ಗೊತ್ತು. ಮಾರಿದವನಿಗೆ ಗೊತ್ತು, ಇಲ್ಲದಿದ್ದರೆ ಎಫ್‌ಸಿಗೆ ಬಿಚ್ಚಿ ಕೊಡುವ ಮುನ್ನೂರರ ಸ್ಕೀಮ್ ಯಾಕೆ? ಸುರಕ್ಷತೆಗೆ ಅತಿ ಮುಖ್ಯ ಎಂದು ಕೇಂದ್ರ ಸೂಚಿಸಿದ ಬಿಡಿಭಾಗವನ್ನು ನಿಯಮ ಮೀರಿ ಮಾರಿದರೆ ಒಂದೊಂದಕ್ಕೆ ಒಂದು ಲಕ್ಷ ದಂಡ ಹಾಕಲು ಅದೇ ಕಾಯ್ದೆಯಲ್ಲಿ ದಾರಿ ಇದೆ. ಲೈಟ್ ಅಂಗಡಿಗೆ ಆ ಬಿಸಿ ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ. ದಂಡ ಕಟ್ಟಿದವನು ನಾನು. ಕೌಂಟರಿನಲ್ಲಿ ಇವತ್ತೂ ಅದೇ ಡಬ್ಬಿ.

ಈಗ ಗಾಡಿಯಲ್ಲಿ ಮತ್ತೆ ಹ್ಯಾಲೊಜನ್. ಹೆಡ್‌ಲೈಟ್ ಅಸೆಂಬ್ಲಿ ಎರಡೂ ಬದಲಾಯಿಸಬೇಕಾಯಿತು. ಆ ಎಲೆಕ್ಟ್ರಿಷಿಯನ್ ಸಂಜೆ ಕತ್ತಲಾದ ಮೇಲೆ ಬರಲು ಹೇಳಿ, ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ, ಗೋಡೆಗೆ ಟೇಪ್ ಅಂಟಿಸಿ, ಸ್ಕ್ರೂ ತಿರುಗಿಸಿ ಡಿಪ್ ಬೆಳಕನ್ನು ಟೇಪಿನ ಕೆಳಗೆ ಕೂರಿಸಿದರು. ಮುಕ್ಕಾಲು ಗಂಟೆ ಕೆಲಸ, 150 ರೂಪಾಯಿ. ಮೊದಲು ಬೆಳಕು ಸಾಲದೆ ಇದ್ದದ್ದು ಬಲ್ಬಿನ ತಪ್ಪೇ ಆಗಿರಲಿಲ್ಲ. ಅರ್ಧ ಸಮಸ್ಯೆ ಲೈಟಿನದ್ದು, ಹಿಂದಿನ ಮಾಲೀಕರ ಕಾಲದಿಂದ ಲೈಟ್ ವಾರೆಯಾಗಿತ್ತು, ಗಾಜು ಮಂಕಾಗಿತ್ತು. ಇನ್ನರ್ಧ ನನ್ನ ಕಣ್ಣಿನದ್ದು, ಅದಕ್ಕೆ ಹೊಸ ಕನ್ನಡಕ ಬಂದಿದೆ. ಅವರಿಗೆ ಐದಕ್ಕೆ ಐದು ಕೊಡಬೇಕು, ಆದರೆ ಅವರ ಅಂಗಡಿಗೆ ಬೋರ್ಡೇ ಇಲ್ಲ.

ಬುಲ್‌ಬಾರ್ ಗುಜರಿಗೆ ಹೋಯಿತು. ಲೈಟ್ ಬಾರನ್ನು ಹಳೇ ಬ್ಯಾಟರಿಗೆ ಸಿಕ್ಕಿಸಿ ಕಾಫಿ ಕಣದ ಮೂಲೆಗೆ ಕಟ್ಟಿದ್ದೇನೆ. ಜನವರಿಯಲ್ಲಿ ರಾತ್ರಿ ಮೋಡ ಕಟ್ಟಿದರೆ ಟಾರ್ಪಾಲ್ ಮುಚ್ಚಲು ಅನುಕೂಲ. ಡಬ್ಬಿಯಲ್ಲಿ ಬರೆದ ಹಾಗೇ ಬಳಸಿದಂತಾಯಿತು. ಮನೆಯವಳದ್ದು ಒಂದೇ ದೂರು, ಅದನ್ನು ಹಾಕಿದ ರಾತ್ರಿ ಅಡುಗೆಮನೆಗೆಲ್ಲ ಹುಳ ಬರ್ತಾವೆ ಅಂತ.