ನೆಫರ್ಟಾರಿಯ ಸಮಾಧಿಯೊಳಗೆ ಒಂದು ಸುತ್ತು: ವಿಆರ್ ಟೂರ್ ಆ್ಯಪ್ ಹೇಗಿದೆ?

ಪಾರಂಪರಿಕ ತಾಣಗಳ ವಿಆರ್ (ವರ್ಚುವಲ್ ರಿಯಾಲಿಟಿ, ಅಂದ್ರೆ ಹೆಡ್‌ಸೆಟ್ ಹಾಕಿಕೊಂಡು ಆ ಜಾಗದಲ್ಲೇ ಇದ್ದಂತೆ ನೋಡೋದು) ಟೂರ್ ಅಂದ್ರೆ ಸುಮ್ನೆ 360 ಡಿಗ್ರಿ ಫೋಟೊ ತಿರುಗಿಸೋದು ಅಂದುಕೊಂಡಿದ್ದೆ. ಈ ಆ್ಯಪ್ ಬಳಸಿದ ಮೇಲೆ ಅಭಿಪ್ರಾಯ ಬದಲಾಯಿತು.

ಮೊದಲು ಹೊಕ್ಕಿದ್ದು ಈಜಿಪ್ಟಿನ ರಾಣಿ ನೆಫರ್ಟಾರಿಯ ಸಮಾಧಿ. 1904ರಲ್ಲಿ ಪತ್ತೆಯಾದ ಇದರ ಗೋಡೆಗಳಲ್ಲಿ ಉಪ್ಪಿನ ಹರಳು ಬೆಳೆದು ಬಣ್ಣದ ಗಾರೆ ಕಳಚುತ್ತಿತ್ತು, ಜನರ ಉಸಿರಿನ ತೇವವೂ ಆ ಚಿತ್ರಗಳಿಗೆ ಒಳ್ಳೆಯದಲ್ಲ, ಹಾಗಾಗಿ ನಿಜವಾದ ಜಾಗದಲ್ಲಿ ಗಂಟೆಗಟ್ಟಲೆ ನಿಂತು ನೋಡುವುದು ಕಷ್ಟ. ಇಲ್ಲಿ ಆ ಆತುರವಿಲ್ಲ. ಸಾವಿರಾರು ಫೋಟೊಗಳನ್ನು ಜೋಡಿಸಿ ಮಾಡಿದ 3ಡಿ ಮಾದರಿ ಇದು. ಒಂದು ಹೆಜ್ಜೆ ಇಟ್ಟರೆ ಗೋಡೆ ನಿಜಕ್ಕೂ ಹತ್ತಿರ ಬರುತ್ತದೆ. ರಾಣಿ ಸೆನೆಟ್ ಎಂಬ ಪ್ರಾಚೀನ ಮಣೆಯಾಟ ಆಡುತ್ತಾ ಕೂತಿರುವ ಚಿತ್ರದ ಮುಂದೆ ಮಂಡಿಯೂರಿ ಕೂತೆ. ತಲೆಯ ಮೇಲಿನ ರಣಹದ್ದಿನ ಕಿರೀಟ, ತೆಳು ಬಿಳಿ ಬಟ್ಟೆಯ ಮಡಿಕೆ, ಎಲ್ಲ ಕೈಗೆಟುಕುವಷ್ಟು ಹತ್ತಿರ. ಕಣ್ಣು ತೇವವಾಯಿತು.

ಆದರೆ ಆದಿಮಾನವರು ಬಿಡಿಸಿದ ಚಿತ್ರಗಳಿರುವ ಫ್ರಾನ್ಸಿನ ಲಾಸ್ಕೋ ಗುಹೆಯ ಭಾಗ ಬೇಜಾರು ತರಿಸಿತು. 1963ರಿಂದ ಸಾರ್ವಜನಿಕರಿಗೆ ಮುಚ್ಚಿರುವ ಗುಹೆ ಅದು, ಇಂಥದ್ದಕ್ಕೇ ವಿಆರ್ ಜಾಸ್ತಿ ಬೇಕು ಅಲ್ವಾ? ಇಲ್ಲಿ ಕೊಟ್ಟಿರುವುದು ಬರೀ ಚಪ್ಪಟೆ ಫೋಟೊ. ಬಂಡೆಯ ಉಬ್ಬುತಗ್ಗು ಗೊತ್ತೇ ಆಗಲ್ಲ. ಯಾವ ವರ್ಷ ಚಿತ್ರೀಕರಿಸಿದ್ದು, ಯಾವುದನ್ನು ಕಂಪ್ಯೂಟರಿನಲ್ಲಿ ತುಂಬಿಸಿದ್ದು ಅಂತ ಎಲ್ಲೂ ಹೇಳಿಲ್ಲ. ಪರಂಪರೆಯನ್ನು ತೋರಿಸುವವರು ಇದನ್ನು ಹೇಳಲೇಬೇಕು.

ಜಾಯ್‌ಸ್ಟಿಕ್‌ನಲ್ಲಿ ನಡೆದರೆ ತಲೆ ಸುತ್ತುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟೆಲಿಪೋರ್ಟ್ (ನಡೆಯದೆ, ತೋರಿಸಿದ ಜಾಗಕ್ಕೆ ನೇರ ಜಿಗಿಯುವುದು) ಆರಿಸಿಕೊಳ್ಳಿ. ಹೆಡ್‌ಸೆಟ್ ಇಲ್ಲದಿದ್ದರೆ ಬ್ರೌಸರಿನಲ್ಲೂ ತೆರೆಯುತ್ತದೆ, ಆದರೆ ಆ ಹತ್ತಿರದ ಅನುಭವ ಅಲ್ಲಿ ಸಿಗಲ್ಲ.